ಬಂದರಿನಲ್ಲಿ ಪಾದುಕಾ ವಿಜಯ

ಮೂವತ್ತೈದು ವರ್ಷ ಅಥಣಿಯಲ್ಲಿ ಸಂಸ್ಕೃತ ಕಲಿಸಿದವನಿಗೆ ಕೊಚ್ಚಿಯ ಪುರಾತನ ಬಂದರನ್ನು ನೋಡಿಬರುವುದು ಯಾವ ಮಹಾಕಾರ್ಯ? ನಾನು ಹಾಗೆಂದೇ ನಂಬಿದ್ದೆ. ಹೊರಡುವ ಮುನ್ನಾದಿನ ನಮ್ಮೂರಿನ ಚಪ್ಪಲಿ ಕುಶಲಕರ್ಮಿ ಸದಾಶಿವ ಹೊಸ ಜೋಡಿಯನ್ನು ತಂದು ನನ್ನ ಕಾಲಿಗೆ ತೊಡಿಸಿದ.

“ಮಾಸ್ತರ, ಹದಿನೈದ್ ದಿನಾ ಕುಂತ ಮಾಡೇನ್ರಿ. ಜ್ವಾಕಿರಿ.”

“ಜೋಡೀಲೇ ವಾಪಸ್ ತರ್ತೇನಪಾ” ಎಂದು ಮಾತು ಕೊಟ್ಟೆ.

ಕೊಚ್ಚಿಯಲ್ಲಿ, ಕರಿಮೆಣಸಿನ ವಾಸನೆ ಇನ್ನೂ ಬಿಡದ ಹಳೆಯ ಗೋದಾಮೊಂದನ್ನು ಕಲಾಪ್ರದರ್ಶನಕ್ಕೆ ಸಜ್ಜುಗೊಳಿಸಿದ್ದರು. ಹೊಸ್ತಿಲಿನಿಂದಲೇ ಒಳಗೋಡೆಯ ಮೇಲೆ ಬರೆದ ಶೇಷಶಾಯಿಯ ದರ್ಶನವಾಯಿತು. ಪಾದರಕ್ಷೆ ತೊಟ್ಟು ಭಗವಂತನೆದುರು ನಿಲ್ಲುವುದೆ? ಹರಿ ಹರಿ! ತಕ್ಷಣ ಕಳಚಿದೆ. ನಮ್ಮ ಕಡೆ ಗುಡಿಗೆ ಹೋಗುವ ಜಾಣರು ಮಾಡುವಂತೆ ಬಲಗಾಲಿನದನ್ನು ಬಾಗಿಲ ಬಳಿ, ಎಡಗಾಲಿನದನ್ನು ದೂರದ ಕಂಬದ ಹಿಂದೆ ಇಟ್ಟೆ. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಒಯ್ಯುವುದಿಲ್ಲ!

“ಕಂಬ ಯಾವ್ದಂತ ನೆನಪಿಟ್ಕೊಳ್ರಿ” ಎಂದಳು ಧರ್ಮಪತ್ನಿ ಗಂಗಾಬಾಯಿ.

ಅಲ್ಲಿ ಇಪ್ಪತ್ತು ಕಂಬಗಳಿದ್ದವು.

ಸ್ತೋತ್ರ ಮುಗಿಸಿ ತಾಸಿನ ಮೇಲೆ ಹಿಂದಿರುಗಿದೆ. ಬಲಗಾಲಿನದು ಸಿಕ್ಕಿತು. ಎಡಗಾಲಿನದು ಬಿಳಿಯ ಪೀಠವೊಂದರ ಮೇಲೆ, ದೀಪದ ಬೆಳಕಿನಲ್ಲಿ, ಎಣ್ಣೆ ಹಚ್ಚಿದಂತೆ ಹೊಳೆಯುತ್ತ ವಿರಾಜಮಾನವಾಗಿತ್ತು! ಸುತ್ತ ಹತ್ತು ಜನ. ಅದು ಬಂದರು ಬಿಟ್ಟು ಹೋಗಿ ಮರಳದ ನಾವಿಕನ ನೆನಪೆಂದು ತರುಣಿಯೊಬ್ಬಳು ಹಿಂದಿಯಲ್ಲಿ ವಿವರಿಸುತ್ತಿದ್ದಳು.

ಕೈ ಚಾಚಿದೆ. ಕಾವಲುಗಾರ ತಡೆದ. ಮಲಯಾಳಿಗಳಿಗೆ ಸಂಸ್ಕೃತ ತಿಳಿದೀತೆಂಬ ಭರವಸೆಯಿಂದ “ಏಷಾ ಮಮ ಪಾದುಕಾ!” ಎಂದು ಘೋಷಿಸಿದೆ. ಅವನು ಭಕ್ತಿಯಿಂದ ಕೈಮುಗಿದ!

“ಮಂತ್ರ ಸಾಕ್ರಿ. ಜೋಡಿ ತೋರಸ್ರಿ” ಎಂದು ಗಂಗಾಬಾಯಿ ತಿವಿದಳು.

ಬಲಗಾಲಿನದನ್ನು ಪಕ್ಕದಲ್ಲಿಟ್ಟೆ. ಅದೇ ಹೆಣಿಗೆ, ಅದೇ ಕೆಂಪು ಗೊಂಡೆ! ಕಾವಲುಗಾರ ಹಿಂದೆ ಸರಿದ. ಎರಡನ್ನೂ ಮೆಟ್ಟಿ ನಾಲ್ಕು ಹೆಜ್ಜೆ ನಡೆದೆ. ನಾವಿಕನೇ ಮರಳಿದನೆಂದು ಜನ ಚಪ್ಪಾಳೆ ತಟ್ಟಿದರು! ತರುಣಿಯ ಕಣ್ಣು ತುಂಬಿತು. ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಹೊರಬಂದೆ. ಎಡಗಾಲು ಮಾತ್ರ ತುಸು ಕಚ್ಚುತ್ತಿತ್ತು. ಚಕ್ರವರ್ತಿಗಳು ಇಂಥದ್ದನ್ನೆಲ್ಲ ಲೆಕ್ಕಿಸುವುದಿಲ್ಲ.

ಊರಿಗೆ ಬಂದೊಡನೆ ಸದಾಶಿವನ ಮುಂದೆ ಜೋಡಿ ಇಟ್ಟೆ. ಅವನು ಎಡಗಾಲಿನದನ್ನು ಹೊರಳಿಸಿ ನೋಡಿದ.

“ಮಾಸ್ತರ, ಇದು ನಂದಲ್ರಿ.”

“ಮತ್ತ ಯಾರ್ದೋ?”

“ತಳದಾಗ ಈ ಮೂರು ಹೊಲಿಗಿ ನೋಡ್ರಿ. ಇದು ನಮ್ಮಜ್ಜನ ಕೈಯಾಂದು! ಅಂವನ ಕಡೆನ ನಾ ಹೆಣಿಯಾಕ ಕಲ್ತಿದ್ದು” ಎಂದು ಕಣ್ಣಿಗೊತ್ತಿಕೊಂಡ.

ಅಂದರೆ ನಾನು ಪ್ರದರ್ಶನದ ವಸ್ತುವನ್ನೇ ಮೆಟ್ಟಿಕೊಂಡು ಬಂದಿದ್ದೆ. ಅದೂ ಚಪ್ಪಾಳೆಯ ಸಮೇತ!

“ಚಪ್ಲಿ ಕಳ್ಳರಿಗೆ ಅಂಜಿ ಹೋದವ್ರು, ತಾವ ಕಳ್ಳರಾಗಿ ಬಂದ್ರಿ!” ಎಂದು ಗಂಗಾಬಾಯಿ ಬಿದ್ದು ಬಿದ್ದು ನಕ್ಕಳು.

ಅಂದೇ ಅದನ್ನು ನನ್ನ ಪೂಜೆಯ ಮಡಿವಸ್ತ್ರದಲ್ಲಿ ಸುತ್ತಿ, ಕ್ಷಮಾಪತ್ರದೊಡನೆ ಅಂಚೆಗೆ ಹಾಕಿದೆ. ನಾವಿಕನ ಕಥೆಯ ಜೊತೆಗೆ ಹೆಣೆದವನ ಹೆಸರನ್ನೂ ಬರೆಯಿರೆಂದು ಪ್ರಾರ್ಥಿಸಿದೆ. ಅವನ ಮೊಮ್ಮಗ ಸದಾಶಿವ ಹೆಣೆದ ನನ್ನ ಎಡಗಾಲಿನದು ಅಲ್ಲೇ ಯಾವುದೋ ಕಂಬದ ಹಿಂದೆ ಉಳಿದಿದೆಯೆಂದೂ ತಿಳಿಸಿದೆ.

ತಿಂಗಳ ಮೇಲೆ ಫೋಟೊ ಬಂತು. ಪೀಠದ ಮೇಲೆ ಎರಡು ಎಡ ಚಪ್ಪಲಿಗಳು! ಒಂದು ಅಜ್ಜನದು, ಇನ್ನೊಂದು, ಕಂಬದ ಹಿಂದೆ ಸಿಕ್ಕಿದ ಸದಾಶಿವನದು. ಕೆಳಗೆ ಇಬ್ಬರ ಹೆಸರು, ಜೊತೆಗೆ ಅಥಣಿಯ ಹೆಸರು. ಸದಾಶಿವ ಅದನ್ನು ಓಣಿಗೆಲ್ಲ ತೋರಿಸಿ ಬಂದ.

“ನಿಮಗ ಎಡಗಾಲಿಂದು ಇನ್ನೊಂದ್ ಮಾಡ್ಕೊಡ್ತೇನ್ರಿ ಮಾಸ್ತರ. ಆದ್ರ ಇನ್ನಮ್ಯಾಲೆ ಎರಡೂ ಒಂದ ಕಡೆ ಇಡ್ರಿ!”

ಗಂಗಾಬಾಯಿ ಫೋಟೊವನ್ನು ಕಣ್ಣಿನ ಹತ್ತಿರ ಹಿಡಿದಳು. “ಅಜ್ಜನ ಹೆಸರೈತಿ, ಮೊಮ್ಮಗಂದೂ ಐತಿ. ದಿಗ್ವಿಜಯ ಮಾಡಿದವ್ರದು ಎಲ್ಲೈತ್ರಿ?”

ಕನ್ನಡಕ ಏರಿಸಿ ಹುಡುಕಿದೆ. ಇದೆ! ಹೊಸ ಚಪ್ಪಲಿಯ ಮೇಲೆ ನನ್ನ ಹೆಬ್ಬೆರಳಿನ ಅಚ್ಚು ಸ್ಪಷ್ಟವಾಗಿ ಮೂಡಿದೆ.

ಬಂದರಿನ ಕಲಾಪರಂಪರೆಗೆ ನನ್ನ ಕೊಡುಗೆ ಅಷ್ಟೇ!