ಹುಂಜದ ವಾರಸುದಾರರು

ಹಗರೆಯ ಧರ್ಮೇಶನಿಗೆ ಆ ದಿನದ ಗ್ರಹಚಾರ ಫೋನಿನಿಂದ ಬರಲಿಲ್ಲ, ಫೋನು ಹಿಡಿದು ನಿಂತವನ ಬೆನ್ನ ಹಿಂದಿನಿಂದ ಬಂತು. ಕೋಳಿ ಕಂಪನಿಯ ಶಶಿಕಿರಣ್ ಸಾಹೇಬರು, "ಶೆಡ್ ತೊಳೆದಾಯ್ತೇನ್ರೀ? ಹೊಸ ಮರಿ ಇಳಿಸ್ಬೇಕು" ಎನ್ನುತ್ತಿದ್ದರು. ಇವನು, "ಫಳಫಳ ಅಂತೈತೆ ಸಾರ್" ಎನ್ನುತ್ತಿದ್ದ. ಅಷ್ಟರಲ್ಲಿ ಅವ್ವ ಲಲಿತಮ್ಮನ ಕೆಂಪು ಹುಂಜ ತಿಪ್ಪೆ ಹತ್ತಿ, ಬೇಲೂರಿನವರನ್ನೂ ಎಬ್ಬಿಸುವ ಹಾಗೆ ಕೂಗಿತು.

"ಏನ್ರೀ ಅದು?"

ಕೋಳಿ ಸಾಕುವವನ ಮನೆಯಲ್ಲಿ ಕೋಳಿ ಕೂಗಿದರೆ ತಪ್ಪೇನು ಅನ್ನಿಸಬಹುದು. ಆದರೆ ಕಂಪನಿ ಕೋಳಿ ಕೂಗುವುದಿಲ್ಲ. ಕೂಗುವ ವಯಸ್ಸು ಬರುವ ಮುಂಚೆಯೇ ಅದಕ್ಕೆ ಲಾರಿ ಬಂದಿರುತ್ತದೆ. ಜೊತೆಗೆ, ಕಂಪನಿ ಮರಿ ಸಾಕುವ ಮನೆಯಲ್ಲಿ ಒಂದೇ ಒಂದು ನಾಟಿ ಕೋಳಿಯೂ ಇರಬಾರದೆಂದು ಕಟ್ಟಪ್ಪಣೆ. ನಾಟಿಯ ರೋಗ ಅಂಟಿದರೆ ಶೆಡ್ಡಿಗೆ ಶೆಡ್ಡೇ ಮಲಗುತ್ತದಂತೆ. ಸಿಕ್ಕಿಬಿದ್ದರೆ ಮರಿ ಬಂದ್. ಆಮೇಲೆ, ರಾಗಿ ಹೊಲವನ್ನು ನುಂಗಿ ಎದ್ದ ಆ ಉದ್ದನೆಯ ಶೆಡ್ಡಿನಲ್ಲಿ ಧರ್ಮೇಶ ಒಬ್ಬನೇ ಓಡಾಡಿಕೊಂಡಿರಬೇಕು.

"ಪಕ್ಕದ್ಮನೇದು ಸಾರ್" ಎಂದ.

"ಹೌದಾ? ಅರಸೀಕೆರೆ ಬಿಟ್ಟಿದೀನಿ. ಬಂದು ನೋಡೇ ಬಿಡ್ತೀನಿ."

ಅಜ್ಜಿ ಕತೆಯ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಣಿಯೊಳಗೆ ಇರುತ್ತಿತ್ತು. ಧರ್ಮೇಶನ ಪ್ರಾಣ ತಿಪ್ಪೆಯ ಮೇಲೆ, ಹುಂಜದ ಗಂಟಲಲ್ಲಿ ಇತ್ತು.

"ಅವ್ವಾ, ನಿನ್ ಕೋಳಿಗಳ್ನೆಲ್ಲ ಸಾಗಿಸ್ಬೇಕು!"

ಲಲಿತಮ್ಮ ಎಲೆಗೆ ಸುಣ್ಣ ಸವರುತ್ತ ಕೇಳಿದಳು: "ಮರಿ ಯಾರ್ದ್ಲಾ?"

"ಕಂಪನೀದು."

"ಮೇವು?"

"ಅದೂ ಕಂಪನೀದೇ."

"ಔಸ್ದಿ, ಲಾರಿ?"

"ಅವರ್ದೇ ಕಣವ್ವ. ಶೆಡ್ ಮಾತ್ರ ನಮ್ದು."

"ಅಂದ್ರೆ ನೀನು ಛತ್ರದೋನು ಅನ್ನು. ಛತ್ರದೋನು ಮನೆ ಮಕ್ಕಳ್ನ ಓಡುಸ್ತಾನೇನ್ಲಾ? ಆ ಶೆಡ್ಡಲ್ಲಿರೋ ಒಂದ್ ಕೋಳಿಗಾದ್ರೂ ಹೆಸರೈತಾ?"

ಅವಳ ಕೋಳಿಗಳಿಗೆ ಹೆಸರಿತ್ತು: ಬೊಟ್ಟಿನೋಳು, ಮಸಿಯಮ್ಮ, ಕುಂಟ್ಗೌರಿ. ಹೆಸರು ಹಿಡಿದು ಕರೆದರೆ ಬರುತ್ತಿದ್ದವು. ಧರ್ಮೇಶ ಕರೆದರೆ ಮಾತ್ರ, ಸಾಲಗಾರನನ್ನು ಕಂಡ ನೆಂಟರಂತೆ ಚೆದುರಿದವು. ಬೇಲಿ ಹಾರಿ, ಹುಲ್ಲಿನ ಮೆದೆ ಹತ್ತಿ, ಕೊನೆಗೆ ಪಂಚೆಯನ್ನೇ ಬಲೆ ಮಾಡಿ, ಪಟ್ಟೆ ಚಡ್ಡಿಯಲ್ಲೇ ಅವನು ಪಕ್ಕದ ಮೀನಾಕ್ಷಿಯ ಜಗುಲಿ ಹತ್ತಿದ.

"ಅಕ್ಕಾ, ಇವನ್ನ ಇಟ್ಕೊ. ಯಾರಾದ್ರೂ ಕೇಳಿದ್ರೆ ನಂದೇ ಅನ್ನು."

ಮೀನಾಕ್ಷಿ ಪಂಚೆಯ ಗಂಟನ್ನು ನೋಡಿದಳು, ಚಡ್ಡಿಯನ್ನೂ ನೋಡಿದಳು. "ಪಾಲಿಗೋ?"

ಊರಿನ ಪದ್ಧತಿ ಅದು. ಹೇಂಟೆಯನ್ನು ಇನ್ನೊಬ್ಬರ ಮನೆಗೆ ಬಿಟ್ಟರೆ ಪಾಲಿಗೆ ಬಿಟ್ಟಂತೆ. ಮುಂದೆ ಆಗುವ ಮರಿಗಳಲ್ಲಿ ಅರ್ಧ ಸಾಕಿದವರಿಗೆ, ಅರ್ಧ ಕೊಟ್ಟವರಿಗೆ.

"ಹೂಂ, ಪಾಲಿಗೇ."

"ಹಂಗಾರೆ ಅರ್ಧ ನಿಂದೂ ಆಯ್ತಲ್ಲಪ್ಪ. ಪೂರ್ತಿ ನಂದು ಅಂತ ಹೆಂಗೆ ಹೇಳ್ಲಿ? ಸುಳ್ಳು ಹೇಳಕ್ಕೆ ನಂಗೆ ಬರಲ್ಲ."

ಎದುರು ಮನೆಯ ಗಿಡ್ಡಯ್ಯನಿಗೆ ಯಾರ ಮನೆಯ ವ್ಯಾಜ್ಯವಾದರೂ ಹೆಸರುಬೇಳೆ ಪಾಯಸ. ಹೆಗಲಿಗೆ ಟವೆಲ್ ಹಾಕಿಕೊಂಡು ಬಂದೇ ಬಿಟ್ಟ. "ಆಯಮ್ಮ ಹೇಳೋದು ನ್ಯಾಯ ಕಣ್ಲಾ. ಹುಂಜ ನಾನು ಇಟ್ಕೋತೀನಿ. ಆದ್ರೆ ಪೂರ್ತಿ ಕೊಟ್ಟೆ ಅಂತ ಮಾಲೇಕಲ್ಲು ತಿಮ್ಮಪ್ಪನ ಮೇಲೆ ಆಣೆ ಹಾಕು. ಆಗ ನಾವೂ ಗಟ್ಟಿಯಾಗಿ ಹೇಳ್ಬೋದು."

ಬಸ್ಸಿನ ರಸ್ತೆಯಲ್ಲಿ ಯಾವುದೋ ಕಾರಿನ ಹಾರನ್ನು. ಧರ್ಮೇಶ ತಿಮ್ಮಪ್ಪನ ಬೆಟ್ಟದ ದಿಕ್ಕಿಗೆ ಕೈ ಮುಗಿದ. "ತಿಮ್ಮಪ್ಪನಾಣೆ, ಪೂರ್ತಿ ಕೊಟ್ಟೆ. ಪುಕ್ಕದ ಸಮೇತ ಕೊಟ್ಟೆ."

ಪಂಚೆ ಉಟ್ಟು ಮುಗಿಯುವ ಹೊತ್ತಿಗೆ ಸಾಹೇಬರು ಇಳಿದರು. ಶೆಡ್ಡಿನ ಒಳಗೆ ಹಾಸಿದ ಭತ್ತದ ಹೊಟ್ಟು, ನೀರಿನ ಕೊಳವೆ, ಎಲ್ಲ ನೋಡಿದರು. ಅವರ ಗಮನ ಮಾತ್ರ ಬೇರೆಲ್ಲೋ ಇತ್ತು. "ಆ ಹುಂಜ..." ಎಂದು ಬಾಯಿ ತೆರೆದರು.

ಹುಂಜವೇ ಬಂತು. ಗಿಡ್ಡಯ್ಯ ಕವುಚಿಟ್ಟ ಮಂಕರಿಯಿಂದ ಹೇಗೆ ತಪ್ಪಿಸಿಕೊಂಡಿತೋ, ಕಾರಿನ ಮೇಲೆ ಹಾರಿ ಕೂತು, ರೆಕ್ಕೆ ಬಡಿದು ಕೂಗಿತು.

"ಯಾರದ್ರೀ ಇದು?"

"ನಂದು ಸಾಮಿ!" ಗಿಡ್ಡಯ್ಯ ಏದುಸಿರು ಬಿಡುತ್ತ ಬಂದ. "ಹೇಂಟೆಗಳು ನಂದು" ಎಂದು ಮೀನಾಕ್ಷಿ ಬೇಲಿಯಾಚೆಯಿಂದ ಮಸಿಯಮ್ಮನನ್ನು ಎತ್ತಿ ತೋರಿಸಿದಳು. ಸುಳ್ಳಿನ ಸುಳಿವೇ ಇಲ್ಲದ ಮುಖಗಳು. ಧರ್ಮೇಶನಿಗೆ ಹುರುಪು ಬಂತು. "ನಮ್ಮನೇಲಿ ನಾಟಿ ಕೋಳೀದು ಒಂದ್ ಪುಕ್ಕಾನೂ ಇಲ್ಲ ಸಾರ್. ನಮ್ಮವ್ವಂಗೆ ಅದ್ರ ವಾಸ್ನೇನೇ ಆಗಲ್ಲ!"

ಲಲಿತಮ್ಮ ಎಲೆಯಡಿಕೆ ಉಗಿದು ಬಂದು, "ಹೂಂ ಸಾಮಿ, ನಮ್ಮನೇಲಿ ಈಗ ಏನೂ ಇಲ್ಲ" ಎಂದಳು.

ಸಾಹೇಬರು ಹುಂಜವನ್ನು ಮೆಲ್ಲಗೆ ಹಿಡಿದು, ಜುಟ್ಟು ನೋಡಿ, ಕಾಲಿನ ಮುಳ್ಳು ಸವರಿ, ಹೆಣ್ಣು ನೋಡಲು ಬಂದ ಬೀಗರಂತೆ ತಲೆದೂಗಿದರು. "ಫೋನಲ್ಲಿ ಕೇಳ್ದಾಗ್ಲೇ ಅನ್ಕೊಂಡೆ, ಅಪ್ಪಟ ನಾಟಿ! ಪೇಟೆಯೋರಿಗೆ ಶೆಡ್ ಕೋಳಿ ಸಾಕಾಗಿದೆ ಕಣ್ರೀ. ತಿಪ್ಪೆ ಕೆದಕಿ ಬೆಳೆದದ್ದೇ ಬೇಕಂತೆ. ಕಂಪನಿ ಈ ವರ್ಷದಿಂದ ಅದಕ್ಕೇ ಇಳೀತಿದೆ. ಒಳ್ಳೆ ತಳಿ ಹುಡುಕಿ ಹುಡುಕಿ ಸುಸ್ತಾಗಿದ್ದೆ. ಇನ್ನು ಇವರಿಬ್ಬರೂ ನಮ್ಮ ಪಾಲುದಾರರು."

ಧರ್ಮೇಶ ಮುಂದೆ ಬಂದ. "ಸಾರ್... ಅಸಲಿಗೆ ಆ ಹುಂಜ..."

"ಅಸಲಿಗೆ ಏನ್ಲಾ?" ಗಿಡ್ಡಯ್ಯ ಟವೆಲ್ ಕೊಡವಿದ. "ಆಣೆ ಹಾಕ್ದೋನು ನೀನೇ ತಾನೆ?"

ಧರ್ಮೇಶ ಬೆಟ್ಟದ ಕಡೆ ತಿರುಗಿ ಮತ್ತೆ ಕೈ ಮುಗಿದ. ಸಾಹೇಬರು ಅವನ ಬೆನ್ನು ತಟ್ಟಿದರು. "ನಿಮ್ಮ ಶೆಡ್ ತುಂಬಾ ನೀಟಾಗಿದೆ. ಆದ್ರೆ ಇನ್ಮೇಲೆ ಕಂಪನಿ ನಾಟಿ ಸಾಕೋ ಜಾಗದ ಪಕ್ಕದಲ್ಲೂ ಬ್ರಾಯ್ಲರ್ ಇರಂಗಿಲ್ವಲ್ಲ. ರೋಗದ ರೂಲ್ಸು ನಿಮಗೇ ಗೊತ್ತು. ನಿಮ್ಮ ಮರಿ ಕಣಕಟ್ಟೆ ಕಡೆ ಇಳಿಸ್ತೀವಿ. ಬೇಜಾರು ಮಾಡ್ಕೋಬೇಡಿ."

ಸಂಜೆ ರೊಟ್ಟಿಗೆ ನೆಂಚಿಕೊಳ್ಳಲು ಏನೂ ಇರಲಿಲ್ಲ. ಮನೆಯಲ್ಲಿ ಅವ್ವನೂ ಇರಲಿಲ್ಲ. ಧರ್ಮೇಶ ಮೀನಾಕ್ಷಿಯ ಗೇಟು ತಳ್ಳಿದ.

"ಅಕ್ಕಾ, ಒಂದ್ ಮೊಟ್ಟೆ ಇದ್ರೆ..."

"ಅಲ್ಲೇ ನಿಂತ್ಕೊಳ್ಳಪ್ಪ! ಹೊರಗಿನೋರು ಒಳಕ್ಕೆ ಬರಂಗಿಲ್ಲ. ಸಾರ್ ಹೇಳೋಗವ್ರೆ."

"ನಮ್ಮವ್ವ ಬಂದೌಳಾ?"

"ಒಳ್ಗವ್ರೆ. ಹೆಸರಿಡಿದು ಕರೆದ್ರೆ ಕೋಳಿ ಓಡ್ಬರೋದ್ನ ಸಾರ್ ನೋಡ್ಬುಟ್ರು. ಕೋಳಿ ಸಾಕೋದು ಹೇಳ್ಕೊಡಕ್ಕೆ ಕಂಪನಿ ಲಲಿತಕ್ಕನ್ನೇ ನೇಮಿಸೈತೆ."

ಹಿತ್ತಲಿನಲ್ಲಿ ರಾಗಿ ಚೆಲ್ಲುತ್ತಿದ್ದ ಲಲಿತಮ್ಮ ಅಲ್ಲಿಂದಲೇ ಕೂಗಿದಳು:

"ದೂರ ನಿಂತ್ಕೊಳ್ಲಾ ಮೂದೇವಿ, ನನ್ ಕೋಳಿಗೆ ರೋಗ ಅಂಟುಸ್ಬುಟ್ಟೀಯ!"