ಮೊದಲ ಮುರಿಯೂದು, ಆಮ್ಯಾಲೆ ಕೂಡೂದು

ರಾಜಾರಾಮ: ಹೊಳೆವ್ವಾರ, ಕೈ ಮುಗೀತೀನಿ, ಒಳಗ ನಡೀರಿ. ಸಭಾಕ್ಕ ಹೊತ್ತಾತು.

ಹೊಳೆವ್ವ: ಹೊತ್ತಾಗೇತಿ ಅಂತನ ಹೊರಗ ಕುಂತೀವಲ್ರಿ.

ಏಕಸಂಬಿ ದಾರಿಯ ಸಣ್ಣ ಹಾಲಿನ ಸಂಘ ಅದು. ವರ್ಷದ ಸಭೆಯ ಹೊತ್ತಾದರೂ ಹೊಳೆವ್ವ ಮತ್ತು ಉಳಿದ ಸದಸ್ಯರೆಲ್ಲ ಬೇವಿನ ಗಿಡದ ಕೆಳಗೆ ಆರಾಮ ಕೂತಿದ್ದರು. ರಾಜಾರಾಮ ಚಿಕ್ಕೋಡಿಯ ಕಾಲೇಜಿನಲ್ಲಿ ವ್ಯಾಪಾರ ಕಾಯ್ದೆ ಕಲಿಸುವ ಮಾಸ್ತರ. ಪುಸ್ತಕ ತೆರೆದರೆ ಹುಡುಗರು ತೂಕಡಿಸುತ್ತಾರೆಂದು, ಪ್ರಿನ್ಸಿಪಾಲರನ್ನು ಕಾಡಿ ಬೇಡಿ, ಕಾಯ್ದೆ ಕಣ್ಣಾರೆ ತೋರಿಸಲು ಇಡೀ ಕ್ಲಾಸನ್ನೇ ಬಸ್ಸು ಹತ್ತಿಸಿಕೊಂಡು ಬಂದಿದ್ದ. ಇದು ಕೆಟ್ಟರೆ ಮತ್ತೆ ಪುಸ್ತಕವೇ ಗತಿ.

ರಾಜಾರಾಮ: ಒಳಗ ಇಷ್ಟು ಮಂದಿ ಇರಬೇಕಂತ ಕಾಯ್ದೆ ಐತ್ರಿ. ಅದಕ್ಕ ಕೋರಂ ಅಂತಾರ. ಇಲ್ಲಂದ್ರ ಸಭೆ ಮುರೀತೈತಿ.

ಹೊಳೆವ್ವ: ಮುರೀಲಿ. ಅರ್ಧ ತಾಸು ಬಿಟ್ಟು ಮತ್ತ ಕೂಡಸ್ತಾರ. ಆವಾಗ ಎಷ್ಟ ಮಂದಿ ಇದ್ದರೂ ನಡೀತೈತಿ. ಅದೂ ಕಾಯ್ದೇನ ಹೌದಿಲ್ಲೋ?

ರಾಜಾರಾಮ: ಅದು ಮಂದಿ ಬರದಿದ್ರ ಮಾತ್ರಿ. ನೀವೆಲ್ಲಾರೂ ಬಂದೀರಿ.

ಹೊಳೆವ್ವ: ಬರದಿದ್ರ ಹೆಂಗ? ಮುರಿಯಾಕ ಎಲ್ಲಾರೂ ಬೇಕಲ್ರಿ. ಒಂದ ವರ್ಷ ವ್ಯಾಳ್ಯಾಕ್ಕ ಒಳಗ ಹೋಗಿದ್ವಿ. ಒಬ್ಬೊಬ್ಬರ ಮಾತು ಮುಗಿಯೂದ್ರಾಗ ಹಾಲು ಹಿಂಡೂ ಹೊತ್ತು ಮೀರಿ ಊರೆಲ್ಲಾ ಎಮ್ಮಿ ಒದರಾಟ. ಅವತ್ತಿಂದ ಮೊದಲ ಮುರಿಯೂದು, ಮಾತೆಲ್ಲಾ ಗಿಡದ ಬುಡಕ ಮುಗಸೂದು, ಆಮ್ಯಾಲೆ ಕೂಡೂದು.

ಅಷ್ಟರಲ್ಲಿ ಸದಸ್ಯ ಮಲಕಾರಿ ನೀರು ಕುಡಿಯಲೆಂದು ಹೊಸ್ತಿಲ ಮೇಲೆ ಕಾಲಿಟ್ಟ. ಹೊಳೆವ್ವ ಅವನ ಅಂಗಿ ಹಿಡಿದು ಹಿಂದಕ್ಕೆಳೆದಳು.

ಹೊಳೆವ್ವ: ಎಲ್ಲಿ ನಡದೀ ಲೇ? ಸಭೆ ಕೂಡಿಗೀಡೀತು.

ಕಿಟಕಿಯಿಂದ ಅಧ್ಯಕ್ಷ ಮುರಗೆಪ್ಪನ ಕೈ ಹೊರಬಂತು.

ಮುರಗೆಪ್ಪ: ಹೊಳೆವ್ವಾ, ಒಂಚೂರು ತಂಬಾಕ ಕೊಡಬೇ. ಯಾರೂ ಬಂದಿಲ್ಲ, ಒಬ್ಬನ ಕುಂತು ಬ್ಯಾಸರಾಗೇತಿ.

ರಾಜಾರಾಮ: ಯಾರೂ ಬಂದಿಲ್ಲಂದ್ರ ತಂಬಾಕ ಯಾರಿಗೆ ಕೇಳಾಕತ್ತೀರಿ?

ಮುರಗೆಪ್ಪ: ತಂಬಾಕ ಗಿಡದ ಬುಡಕಿನ ಮಾತ್ರಿ ಮಾಸ್ತರ. ನಾ ಸಭಾದ ಮಾತು ಹೇಳಿದ್ನಿ.

ಹುಡುಗರು ಹೊಟ್ಟೆ ಹಿಡಿದು ನಕ್ಕರು. ಒಬ್ಬನೂ ತೂಕಡಿಸಿರಲಿಲ್ಲ. ಅರ್ಧ ತಾಸಿಗೆ ಮುರಗೆಪ್ಪ ಹಾಲಿನ ಕ್ಯಾನು ಬಡಿದ. ಎಲ್ಲರೂ ಒಳಗೆ ನುಗ್ಗಿದರು. ರಾಜಾರಾಮನಿಗೆ ಕುರ್ಚಿ ಸಿಗುವುದರೊಳಗೆ ಎಲ್ಲ ಠರಾವು ಪಾಸಾಗಿ, ಶಿರಾದ ತಟ್ಟೆಗಳು ಬಂದವು.

ರಾಜಾರಾಮ: ಹುಡುಗರ, ನೋಡಿದ್ದು ಮರೀರಿ. ನಾಳೆ ಪುಸ್ತಕ ತರ್ರಿ.

ಮರುದಿನ ಕ್ಲಾಸಿಗೆ ಹೋದರೆ ಬೆಂಚುಗಳೆಲ್ಲ ಖಾಲಿ. ಕಿಟಕಿಯಿಂದ ಇಣುಕಿದ. ಇಡೀ ಕ್ಲಾಸು ಅಂಗಳದ ಗಿಡದ ಕೆಳಗೆ ಕೂತಿತ್ತು.

ರಾಜಾರಾಮ: ಕುಸುಮಾ, ಏನಿದು?

ಕುಸುಮ: ಕ್ಲಾಸಿಗೆ ಯಾರೂ ಬಂದಿಲ್ರಿ ಸರ್.

ರಾಜಾರಾಮ: ಮತ್ತ ನೀ ಯಾರು?

ಕುಸುಮ: ನಾ ಗಿಡದ ಬುಡಕಿನಾಕಿರಿ. ಅರ್ಧ ತಾಸು ತಡೀರಿ ಸರ್. ಆಮ್ಯಾಲೆ ನೀವೊಬ್ಬರ ಒಳಗಿದ್ದರೂ ಪಾಠ ನಡೀತೈತಿ.