ಖಂಡೆಪ್ಪ ಊದಿದ ಪದ್ಯ

ಮನಸಿನೊಳಗೇ ಓದಿಕೊಂಡಿದ್ದರೆ ಖಂಡೆಪ್ಪನಿಗೆ ಈ ಫಜೀತಿ ಬರುತ್ತಿರಲಿಲ್ಲ. ಜ್ವರ ಅಂತ ಸುಳ್ಳು ಹೇಳಿ ಕಲ್ಲಿನ ಖಣಿಗೆ ಚಕ್ಕರ್ ಹೊಡೆದವನು, ಶಹಾಬಾದಿನ ತನ್ನ ಮನೆ ಕಟ್ಟೆಯ ಮೇಲೆ ನಿಂತು ಗಟ್ಟಿಯಾಗಿ ಅರಬ್ಬಿ ಪದ್ಯ ಹೇಳಬಹುದೇ?

ಪದ್ಯ ಅವನ ದೋಸ್ತ ಬಂದೇನವಾಜ್ ಕಲಿಸಿದ್ದು. ಅರಬ್ ದೇಶದಲ್ಲಿ ಲಾರಿ ಹೊಡೆದು ಮರಳಿದ್ದ ಬಂದೇನವಾಜ್, ಸಂಜೆಯಾದರೆ ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಚಾ ಕುಡಿಯುತ್ತ, ಅಲ್ಲಿ ಜೇಲು ಸೇರಿದ ಈಗಿನ ಕವಿಗಳ ಪದ್ಯ ಹೇಳಿ ಅರ್ಥ ಬಿಡಿಸುತ್ತಿದ್ದ. "ಕುರ್ಚಿ ಮ್ಯಾಲ ಕುಂತವನೇ, ಬಾಗಲಿಗಿ ಕೀಲಿ ಹಾಕಿದಿ, ಹಾಡಿಗಿ ಬಾಗಲೇ ಇಲ್ಲ." ಎಂಥ ಸಂಜೆಗಳು ಅವು! ಹೋದ ವರ್ಷ ದೋಸ್ತ ತೀರಿಕೊಂಡ. ಇವತ್ತು ಸೇಡಂನಲ್ಲಿ ಅವನ ನೆನಪಿನ ಸಭೆ. ಅದೇ ಪದ್ಯ ಹೇಳುತ್ತೇನೆಂದು ಖಂಡೆಪ್ಪ ದೋಸ್ತನ ಹೆಂಡತಿ ಕಮರುನ್ನೀಸಾಳಿಗೆ ಮಾತು ಕೊಟ್ಟಿದ್ದ. ಈ ವರ್ಷವಷ್ಟೇ ಚಿಂಚೋಳಿ ಕಡೆಯಿಂದ ಬಂದು ಖಣಿ ಹಿಡಿದ ಮಾಲಕ ಚೌಡೇಶ ರಜೆ ಕೊಡಲಿಲ್ಲ. ಅದಕ್ಕೇ ಈ ಜ್ವರ.

ಪಕ್ಕದ ಮನೆಯ ಯಂಕಮ್ಮ, ರಚ್ಚೆ ಹಿಡಿದ ಮೊಮ್ಮಗಳನ್ನು ದೃಷ್ಟಿ ಬಿಡಿಸಲು ಮಸೀದಿ ಬಾಗಿಲಲ್ಲಿ ದುವಾ ಓದಿಸಿ ಊದಿಸಿಕೊಂಡು ಬರಲು ಹೊರಟವಳು, ಅರಬ್ಬಿ ಕಿವಿಗೆ ಬಿದ್ದದ್ದೇ ತಲೆಗೆ ಸೆರಗು ಹೊದ್ದು ನಿಂತಳು.

"ಅಷ್ಟು ದೂರ ಯಾಕ ಹೋಗ್ಲಿ ಖಂಡೆಪ್ಪ? ನೀನೇ ಕೂಸಿಗಿ ಊದು."

"ಯಂಕವ್ವ, ಇದು ದುವಾ ಅಲ್ಲ. ಜುಲುಮು ಮಾಡಾವ್ರಿಗಿ ಬೈದಿದ್ದು."

"ಬೈದ್ರ ಇನ್ನೂ ಛಲೋ. ದೃಷ್ಟಿ ಓಡಿಹೋಗ್ತದ."

ತಪ್ಪಿಸಿಕೊಂಡರೆ ಸಾಕೆಂದು ಎರಡು ಸಾಲು ಹೇಳಿ ಉಫ್ ಎಂದು ಊದಿದ. ಕೂಸು ಅವನ ಮೀಸೆ ನೋಡುತ್ತ ಗಪ್ಪಾಯಿತು. ಊಟದ ಹೊತ್ತಿಗೆ ಕಟ್ಟೆ ಮುಂದೆ ನಡ ಹಿಡಿದವರು, ಹೊಟ್ಟೆ ಕಟ್ಟಿದವರು, ಹಾಲು ಕೊಡದ ಒಂದು ಎಮ್ಮೆ, ಎಲ್ಲರದೂ ಸಾಲು.

"ಬಿಡ್ರೆಪ್ಪಾ, ನನ್ನ ಗಾಡಿ ತಪ್ಪತದ."

"ಖರೇ ಕೈಗುಣ ಇದ್ದಾವ್ರು ಹಿಂಗೇ ಒಲ್ಲೆ ಅಂತಾರ" ಎಂದು ಯಂಕಮ್ಮ ಸಾಲು ಸರಿಮಾಡಿದಳು.

ಸುದ್ದಿಗೆ ಕಾಲು ಬೇಕೇ? ಖಂಡೆಪ್ಪ ಸ್ಟೇಷನ್ನಿಗೆ ಹೊರಡುವಷ್ಟರಲ್ಲಿ ಮಾಲಕನ ಜೀಪು ಬಂದು ಅವನನ್ನು ಖಣಿಯ ಆಫೀಸಿಗೆ ಹೊತ್ತೊಯ್ದಿತು.

ಚೌಡೇಶ ತನ್ನ ತಿರುಗುವ ಕುರ್ಚಿಯಲ್ಲಿ ಕುಂತಿದ್ದ. "ಜ್ವರದಾಗೂ ಮಂದಿಗಿ ಊದ್ಲಿಕತ್ತೀಯಂತ. ನನಗೂ ನಿದ್ದಿ ಬರವಲ್ದು. ಊದು."

ಇವನಿಗೇನು ತಿಳಿದೀತು ಎಂಬ ಧೈರ್ಯದಲ್ಲಿ ಖಂಡೆಪ್ಪ ಆ ಕುರ್ಚಿಯನ್ನೇ ನೋಡುತ್ತ ಪದ್ಯ ಹೇಳಿದ. ಇಷ್ಟು ದಿನ ನುಂಗಿಕೊಂಡ ಸಿಟ್ಟೆಲ್ಲ ಅದರಲ್ಲಿತ್ತು, ಭಾಳ ಹಗುರವೂ ಆಯಿತು. ಕೊನೆಯ ಸಾಲಿಗೆ ಇನ್ನೊಂದು ದನಿ ಸೇರಿತು. ಮಾಲಕನದು, ಅರಬ್ಬಿಯಲ್ಲೇ.

ಖಂಡೆಪ್ಪ ಬಾಗಿಲ ಕಡೆಗೆ ಸರಿದ.

"ಬಂದೇನವಾಜ್ ಕಲಿಸಿದ್ದಲ್ಲ?" ಚೌಡೇಶನ ಕಣ್ಣಲ್ಲಿ ನೀರು. "ಅರಬ್ ದೇಶದಾಗ ನಾನೂ ಅವನೂ ಒಂದೇ ಖೋಲ್ಯಾಗ ಇದ್ವಿ. ನಮ್ಮ ಸೇಠ ಪಾಸ್‌ಪೋರ್ಟ್ ಕಸ್ಕೊಂಡು ಊರಿಗಿ ಬಿಡ್ತಿದ್ದಿಲ್ಲ. ಒಂದೇ ರೊಟ್ಟಿ ಮುರಕೊಂಡು ತಿಂದು ಅವನ ಹೆಸರಿಗಿ ಇದನ್ನೇ ಹಾಡ್ತಿದ್ವಿ. ಎಂಥಾ ದಿನ, ಖಂಡೆಪ್ಪ."

ಕಲ್ಲು ಕರಗಿತು ಅಂದುಕೊಂಡ ಖಂಡೆಪ್ಪ. "ಹಂಗಾದ್ರ ಸೇಡಂಕ ಹೋಗಿ ಬರ್ಲೇನ್ರಿ? ಇವತ್ತು ಅವನ ಸಭಾ ಅದ."

ಚೌಡೇಶ ಕಣ್ಣೊರೆಸಿಕೊಂಡ. "ಪದ್ಯ ಬ್ಯಾರೆ, ಖಣಿ ಬ್ಯಾರೆ. ಜ್ವರ ಇಳದದಲ್ಲ, ಹೋಗಿ ಲಾರಿ ತುಂಬಸು. ಸಭಾಕ ನಾನೇ ಹೋಗಿ ಪದ್ಯ ಹೇಳ್ತೀನಿ."

ದೀಪ ಹಚ್ಚುವ ಹೊತ್ತಿಗೆ, ಮೈಯೆಲ್ಲ ಕಲ್ಲಿನ ಪುಡಿಯಾಗಿ ನಿಂತ ಖಂಡೆಪ್ಪನಿಗೆ ಕಮರುನ್ನೀಸಾಳ ಫೋನು ಬಂತು.

"ಜ್ವರ ಹೆಂಗದ ಭಾಯಿ? ನಿಮ್ಮ ಮಾಲಕರು ಪದ್ಯ ಹೇಳಿದ್ರು. ಸಭಾ ಎಲ್ಲಾ ಅತ್ತುಬಿಡ್ತು. ಅಂಥಾ ಮಾಲಕ ಸಿಗಾಕ ಪುಣ್ಯ ಮಾಡಿರಬೇಕು."

"ಹೌದ್ರಿ ಭಾಬಿ" ಎಂದು ಖಂಡೆಪ್ಪ ಮುಂದಿನ ಕಲ್ಲು ಎತ್ತಿದ.